ಬಾಯಿಬಿಟ್ಟು ಕೇಳದ ಮನೆ

ನಾನು ಮರದ ಕುರ್ಚಿ. ಮಡಚಿದರೆ ಕಂಕುಳಲ್ಲಿ ಹಿಡಿಯಬಹುದು, ಬಿಡಿಸಿದರೆ ಒಬ್ಬರು ಕೂರಬಹುದು. ನನ್ನ ಕಾಲುಗಳು ಸಾಗವಾನಿಯವು. ಯಾರದೋ ಹೊಸ ಮನೆಗೆ ಬಾಗಿಲ ಚೌಕಟ್ಟು ಮಾಡಿ ಉಳಿದ ತುಂಡುಗಳು. ಕೂರುವ ಪಟ್ಟಿಗಳು ಮತ್ತಿ ಮರದವು. ತೋಳುಗಳಿಲ್ಲ. ಹುಬ್ಬಳ್ಳಿಯ ಕುಂಬಾರ ಓಣಿಯಲ್ಲಿ, ಒಂದು ಬಾಡಿಗೆ ಮನೆಯ ಹಿತ್ತಿಲಲ್ಲಿ, ಮೌನೇಶ ಬಡಿಗೇರ ಎಂಬ ಯುವಕ ಎರಡು ಭಾನುವಾರ ಕುಳಿತು ನನ್ನನ್ನು ಮಾಡಿದ.

ಮಾಡಿದ್ದು ಹೆಂಡತಿಗಾಗಿ. ಇಂದುಮತಿಗೆ ಆಗ ಇಪ್ಪತ್ತೆರಡು ವರ್ಷ. ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಿದ್ದಳು. ರಜಿಸ್ಟ್ರಾರ್ ಕಚೇರಿಯ ಎದುರು ತಗಡಿನ ಚಪ್ಪರದಲ್ಲಿ ಕುಳಿತು ಖರೀದಿ ಪತ್ರ ಬರೆಯುತ್ತಿದ್ದ ಹೆಬ್ಬಳ್ಳಿ ರಾಯರು ಆಕೆಯನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. "ಟೈಪಿಂಗ್ ಮಶಿನ್ ನಂದು, ಖುರ್ಚಿ ನಿಂದು" ಎಂದಿದ್ದರಂತೆ. ದಿನಾ ಸಂಜೆ ಮನೆಗೆ ತರಬೇಕಾದ್ದರಿಂದ ಮೌನೇಶ ನನ್ನನ್ನು ಮಡಚುವ ಕುರ್ಚಿಯಾಗಿ ಮಾಡಿದ. ಕೊನೆಯ ಬೋಲ್ಟು ಬಿಗಿದು, ತಾನೇ ಮೊದಲು ಕೂತು, ಎದ್ದು, ಮತ್ತೆ ಕೂತು ನೋಡಿದ. ಆಮೇಲೆ ಆಕೆಯನ್ನು ಕರೆದ. ಆಕೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಹಗುರವಾದ ಮೈ. ನನಗೆ ಗೊತ್ತಾದ ಮೊದಲ ಭಾರ ಅದು.

ಆ ಮನೆ ಎಂಥದು ಎಂದು ಹೇಳಬೇಕು. ದೊಡ್ಡದಲ್ಲ. ಒಂದರ ಹಿಂದೆ ಒಂದು ಮೂರು ಖೋಲಿ, ಮುಂದೆ ಕಟ್ಟೆ, ಹಿಂದೆ ನಿಂಬೆ ಗಿಡ ಮತ್ತು ಬಟ್ಟೆ ಒಗೆಯುವ ಕಲ್ಲು. ಅಡುಗೆಮನೆಯ ಕಿಟಕಿ ಹಿತ್ತಿಲಿಗೆ ತೆರೆಯುತ್ತಿತ್ತು. ಬೆಳಗಿನ ಬಿಸಿಲು ಅದರಿಂದ ಒಳಗೆ ಬಂದು ಒಂಬತ್ತರ ತನಕ ಒಲೆಯ ಪಕ್ಕವೇ ಇರುತ್ತಿತ್ತು. ಆ ಬಿಸಿಲಿನಲ್ಲಿ ಇಂದುಮತಿ ರೊಟ್ಟಿ ತಟ್ಟುತ್ತಿದ್ದಳು. ಮೌನೇಶ ಹೊಸಿಲ ಮೇಲೆ ಕುಳಿತು ಉಣ್ಣುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಬೇಕು ಅನ್ನಿಸದಷ್ಟು ಸುಖವಾಗಿದ್ದರು ಎಂದು ಈಗ ಅನ್ನಿಸುತ್ತದೆ.

ಎರಡು ವರ್ಷಕ್ಕೆ ಆ ಮನೆ ಬಿಡಬೇಕಾಯಿತು. ಯಾರದೂ ತಪ್ಪಲ್ಲ. ಮನೆಯ ಒಡತಿ ಗುರುಬಸವ್ವ ಮೆಣಸಿನಕಾಯಿ ಪಕ್ಕದ ಓಣಿಯವರು. ಅವರ ತಮ್ಮನಿಗೆ ಹುಬ್ಬಳ್ಳಿಗೆ ವರ್ಗವಾಯಿತು, ಮನೆ ಬೇಕಾಯಿತು. ಅವರೇ ಬಂದು, ಹೇಳಲು ಸಂಕೋಚಪಟ್ಟು, ಎರಡು ತಿಂಗಳು ಟೈಮು ಕೊಟ್ಟರು. ಬಿಡುವ ದಿನ ಇಂದುಮತಿಗೆ ಉಡಿ ತುಂಬಿದರು. "ಬ್ಯಾಸರ ಮಾಡ್ಕೋಬ್ಯಾಡವಾ" ಎಂದರು.

"ಇಲ್ರೀ ಅವ್ವಾರ, ಬಾಡಿಗಿ ಮನಿ, ಬಿಡೂದ ಇರತೈತಿ" ಎಂದಳು ಇಂದುಮತಿ. ನಗುತ್ತಲೇ ಹೇಳಿದಳು.

ಸಾಮಾನು ತುಂಬಿದ ಗಾಡಿಯ ಮೇಲೆ ನನ್ನನ್ನು ಬಿಡಿಸಿಯೇ ಇಟ್ಟಿದ್ದರು. ಆಕೆ ನನ್ನ ಮೇಲೆ ಕುಳಿತು ಹೊಸ ಮನೆಗೆ ಹೋದಳು. ಓಣಿ ತಿರುಗುವ ತನಕ ಹಿಂದೆ ನೋಡಲಿಲ್ಲ. ಆದರೆ ನನ್ನ ಕೂರುವ ಪಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು. ಗಾಡಿ ಕುಲುಕುತ್ತದೆಂದು ಹಿಡಿದಿದ್ದಾಳೆ ಎಂದುಕೊಂಡೆ. ಡಾಂಬರು ರಸ್ತೆ ಬಂದ ಮೇಲೂ ಬಿಡಲಿಲ್ಲ.

ತಗಡಿನ ಚಪ್ಪರದಲ್ಲಿ ಹದಿನಾಲ್ಕು ವರ್ಷ ದುಡಿದೆ. ಬೆಳಗ್ಗೆ ಹತ್ತರಿಂದ ಐದರವರೆಗೆ ಆಕೆ ನನ್ನ ಮೇಲೆ ಕುಳಿತು ಬೇರೆಯವರ ಮನೆಗಳನ್ನು ಟೈಪು ಮಾಡುತ್ತಿದ್ದಳು. ಪೂರ್ವಕ್ಕೆ ಓಣಿಯ ದಾರಿ, ಪಶ್ಚಿಮಕ್ಕೆ ಫಲಾನೆಯವರ ಗೋಡೆ, ಉತ್ತರಕ್ಕೆ ಬಯಲು ಜಾಗ. ಮನೆಯ ನಾಲ್ಕು ದಿಕ್ಕಿಗೆ ಏನಿದೆ ಎಂದು ಹೇಳುವ ಆ ಸಾಲುಗಳಿಗೆ ಚಕಬಂದಿ ಎನ್ನುತ್ತಾರೆ. ದಿನಕ್ಕೆ ಐದಾರು ಚಕಬಂದಿ ಬರೆದು, ಸಂಜೆ ತನ್ನದಲ್ಲದ ಮನೆಗೆ ಹೋಗುತ್ತಿದ್ದಳು. ಆ ಹದಿನಾಲ್ಕು ವರ್ಷದಲ್ಲಿ ನಾವು ನಾಲ್ಕು ಬಾಡಿಗೆ ಮನೆ ಬದಲಿಸಿದೆವು. ಮಗಳು ಹುಟ್ಟಿದ್ದು ಎರಡನೆಯದರಲ್ಲಿ.

ಹೆಬ್ಬಳ್ಳಿ ರಾಯರು ಒಳ್ಳೆಯವರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಪಾಠ ಹೇಳುತ್ತಿದ್ದರು.

"ಮನೀನ ಕಣ್ಣಿಂದ ಕೊಳ್ಳಬಾರದು ಇಂದುಮತೀ, ಕಾಗದದಿಂದ ಕೊಳ್ಳಬೇಕು. ಉತಾರದಾಗ ಯಾರ ಹೆಸರು ಅದ, ಯಾರ ಹೆಸರು ಬಿಟ್ಟದ, ಅದನ್ನ ನೋಡು. ಸುಣ್ಣಾ ಬಣ್ಣಾ ಆಮ್ಯಾಲೆ."

ಇನ್ನೊಂದು ಪಾಠ ಅವರು ಪದೇ ಪದೇ ಹೇಳುತ್ತಿದ್ದದ್ದು. "ಬೇಕು ಅನ್ನೂದು ಮಾರಿ ಮ್ಯಾಲೆ ಕಾಣಬಾರದು. ಕಂಡ್ತು ಅಂದ್ರ ರೇಟು ಏರತದ. ಬೇಕಾದ ಮನಿ ಮುಂದನೂ ಬ್ಯಾಡಾದವರ ಹಂಗ ನಿಲ್ಲಬೇಕು."

ಇಂದುಮತಿ ಟೈಪು ಮಾಡುತ್ತ ತಲೆ ಆಡಿಸುತ್ತಿದ್ದಳು. ಆಕೆಗೆ ಆ ಪಾಠ ಕಲಿಯಲು ಕಷ್ಟವೇ ಆಗಲಿಲ್ಲ, ಮೊದಲೇ ಬರುತ್ತಿತ್ತು.

ಮೊದಲ ಖರೀದಿ ಅಂಬಿಗೇರ ಓಣಿಯ ಒಂದು ಸೋರುವ ಮನೆ. ಅಣ್ಣತಮ್ಮಂದಿರಿಬ್ಬರು ಅದನ್ನು ಮಾರಲು ಮೂರು ವರ್ಷದಿಂದ ಓಡಾಡುತ್ತಿದ್ದರು. ಬಂದವರೆಲ್ಲ ಮನೆಯ ಹಕ್ಕಿನ ದಾಖಲೆಯಾದ ಉತಾರ ನೋಡಿ ಹಿಂದೆ ಸರಿಯುತ್ತಿದ್ದರು, ಏಕೆಂದರೆ ಅದರಲ್ಲಿ ನವಲಗುಂದಕ್ಕೆ ಕೊಟ್ಟ ಅಕ್ಕನ ಹೆಸರೂ ಇತ್ತು, ಆ ಅಕ್ಕ ಸಹಿ ಮಾಡಲು ಒಪ್ಪುತ್ತಿರಲಿಲ್ಲ. ಇಂದುಮತಿ ಒಂದು ದಿನ ರಜೆ ಹಾಕಿ ನವಲಗುಂದಕ್ಕೆ ಹೋಗಿ ಬಂದಳು. ಮುಂದಿನ ವಾರ ಆ ಅಕ್ಕ, ಫಕೀರವ್ವ, ಚಪ್ಪರಕ್ಕೆ ಬಂದಳು. ಇಂದುಮತಿ ಎದ್ದು ನನ್ನನ್ನು ಆಕೆಗೆ ಕೊಟ್ಟಳು. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳುವ ಮೊದಲು ಫಕೀರವ್ವ ಹೇಳಿದಳು, "ಸಹಿ ಮಾಡು ಅಂತ ಬಾಳ ಮಂದಿ ಬಂದ್ರು. ಇದರಾಗ ನಂದೂ ಒಂದು ಪಾಲು ಐತಿ ಅಂತ ಅಂದಾಕಿ ನೀ ಒಬ್ಬಾಕಿ." ಮೂರು ಪಾಲು ಸರಿಯಾಗಿ ಕೊಟ್ಟ ಮೇಲೇ ಇಂದುಮತಿ ಖರೀದಿ ಪತ್ರ ಮಾಡಿಸಿದ್ದು. ಅದರ ಚಕಬಂದಿಯನ್ನು ತಾನೇ ಟೈಪು ಮಾಡಿದಳು. ಒಂದು ಅಕ್ಷರವೂ ತಪ್ಪಲಿಲ್ಲ.

ಆ ಮನೆ ಕೊಳ್ಳುವ ಮೊದಲು ಒಂದು ಕೆಲಸ ಮಾಡಿದ್ದಳು. ನನ್ನನ್ನು ಒಯ್ದು ಅದರ ಎದುರು ಬಿಡಿಸಿ, ಬೆಳಗ್ಗೆ ಒಂದು ತಾಸು, ಮಧ್ಯಾಹ್ನ ಒಂದು ತಾಸು, ಸಂಜೆ ಒಂದು ತಾಸು ಕೂತಿದ್ದಳು. ನಳಕ್ಕೆ ನೀರು ಯಾವಾಗ ಬರುತ್ತದೆ, ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಸಂಜೆ ಓಣಿಯಲ್ಲಿ ಜಗಳವಾಗುತ್ತದೋ ಮಕ್ಕಳು ಆಡುತ್ತವೋ, ಎಲ್ಲ ನೋಡಿಕೊಂಡಳು. ಅಲ್ಲಿಂದ ಮುಂದೆ ಪ್ರತಿ ಖರೀದಿಗೂ ಅದೇ ನೇಮ. ಲೂನಾ ಗಾಡಿಯ ಹಿಂದೆ ನನ್ನನ್ನು ಹಗ್ಗದಿಂದ ಕಟ್ಟಿಕೊಂಡು ಹೋಗುತ್ತಿದ್ದಳು. ದಲಾಲಿಗಳು ನಗುತ್ತಿದ್ದರು, ಆಮೇಲೆ ಕಾಯಲು ಕಲಿತರು. ಊರಲ್ಲಿ ಆಕೆಗೆ 'ಖುರ್ಚಿ ಅಕ್ಕಾ' ಎಂಬ ಹೆಸರು ಬಿತ್ತು.

ಆಕೆ ಕೊಳ್ಳುತ್ತಿದ್ದಳು, ಮೌನೇಶ ದುರಸ್ತಿ ಮಾಡುತ್ತಿದ್ದ. ಹಂಚು ಸರಿಸಿ ಜಂತಿ ಬದಲಿಸಿ, ಬಾಗಿಲಿಗೆ ಹೊಸ ಚೌಕಟ್ಟು ಇಟ್ಟು, ಬಚ್ಚಲಿಗೆ ಕಡಪ ಕಲ್ಲು ಹಾಸಿ, ಮನೆಯನ್ನು ಎದ್ದು ನಿಲ್ಲಿಸುತ್ತಿದ್ದ. ಕೆಲವನ್ನು ಮಾರಿದರು, ಕೆಲವನ್ನು ಬಾಡಿಗೆಗೆ ಇಟ್ಟರು. ಒಂದರ ಬಾಡಿಗೆ ಇನ್ನೊಂದಕ್ಕೆ ಮುಂಗಡವಾಯಿತು. ಟೈಪಿಂಗ್ ಮಶಿನ್‌ಗಳ ಕಾಲ ಮುಗಿದು ಕಂಪ್ಯೂಟರ್ ಬಂದಾಗ, ರಾಯರು ಚಪ್ಪರ ಮುಚ್ಚಿದಾಗ, ಇಂದುಮತಿಗೆ ಐದು ಮನೆ ಇದ್ದವು. ತಾವು ಮಾತ್ರ ಪೇಟೆಯ ಹಿಂದೆ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದರು.

ಮಗಳು ಒಮ್ಮೆ ಕೇಳಿದ್ದಳು, "ಅವ್ವಾ, ನಮಗ ಇಷ್ಟು ಮನಿ ಅದಾವ, ನಾವ್ಯಾಕ ಬಾಡಿಗಿ ಕೊಡೂದು?"

"ಬಾಡಿಗಿ ಬರೂ ಮನ್ಯಾಗ ನಾವು ಕುಂತ್ರ ಬಾಡಿಗಿ ಯಾರು ಕೊಡತಾರ" ಎಂದಳು ಇಂದುಮತಿ. ಲೆಕ್ಕಕ್ಕೆ ಸರಿಯಾದ ಉತ್ತರ. ನಿಜವಾದ ಉತ್ತರ ನನಗೆ ಗೊತ್ತಿತ್ತು.

ಸೋಲೂ ಇತ್ತು. ಊರ ಹೊರಗೆ ಹೊಸ ಲೇಔಟಿನಲ್ಲಿ ಒಂದು ಪ್ಲಾಟು. ದಲಾಲಿ ಬಿಳಿ ಕಾರಿನಲ್ಲಿ ಮನೆಗೇ ಬಂದು, "ಇವತ್ತ ಸಂಚಕಾರ ಕೊಡ್ರಿ ಅಕ್ಕಾರ, ನಾಳೆ ಇರೂದಿಲ್ಲ" ಎಂದ. ಮಗಳ ಮದುವೆ ಹತ್ತಿರ ಬಂದಿತ್ತು, ಅವಸರವಿತ್ತು. ಆಕೆ ಮುಂಗಡ ಕೊಟ್ಟುಬಿಟ್ಟಳು. ನಾನು ಬಾಗಿಲ ಹಿಂದೆ ಮಡಚಿಕೊಂಡು ನಿಂತಿದ್ದೆ, ಯಾರೂ ನನ್ನನ್ನು ಮುಟ್ಟಲಿಲ್ಲ. ಆ ಮಳೆಗಾಲದಲ್ಲಿ ಹಳ್ಳ ತನ್ನ ಹಳೆಯ ದಾರಿ ಹಿಡಿದು ಪ್ಲಾಟಿನ ನಡುವೆಯೇ ಹರಿಯಿತು. ಮೌನೇಶ ಬೈಯಲಿಲ್ಲ. "ಖುರ್ಚಿ ಒಯ್ದು ಒಂದು ತಾಸು ಕುಂತಿದ್ದರ ಕಾಲಿಗೆ ಹಳ್ಳದ ಉಸುಕು ಹತ್ತತಿತ್ತು" ಎಂದ, ಅಷ್ಟೇ. ಆಕೆ ಅದನ್ನು ಇಟ್ಟಿಗೆ ಸುಡುವವನೊಬ್ಬನಿಗೆ, ಹಳ್ಳದ ವಿಷಯ ಹೇಳಿಯೇ, ಅರ್ಧ ಬೆಲೆಗೆ ಕೊಟ್ಟಳು.

ಕುಂಬಾರ ಓಣಿಯ ಮನೆಗೆ ಈಗ ಬರುತ್ತೇನೆ. ನಿಜ ಹೇಳಬೇಕೆಂದರೆ ಆಕೆ ಅಲ್ಲಿಂದ ಹೋಗಿಯೇ ಇರಲಿಲ್ಲ.

ಆ ಮನೆಯ ಎದುರು ದಾವಲಸಾಬನ ಹಿಟ್ಟಿನ ಗಿರಣಿ ಇತ್ತು. ನಾವು ಯಾವ ಓಣಿಯಲ್ಲಿದ್ದರೂ ಇಂದುಮತಿ ಜೋಳ ಬೀಸಿಸಲು ಅಲ್ಲಿಗೇ ಬರುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಎಂಟಕ್ಕೆ. ಚೀಲ ಇಳಿಸಿ, ಗಿರಣಿಯ ಮುಂದೆ ನನ್ನನ್ನು ಬಿಡಿಸಿ, ಆ ಮನೆಯತ್ತ ಮುಖ ಮಾಡಿ ಕೂರುತ್ತಿದ್ದಳು. ಬೀಸುವುದು ಹತ್ತು ನಿಮಿಷದ ಕೆಲಸ. ಆಕೆ ಪಾಳಿ ಬಿಟ್ಟುಕೊಡುತ್ತಿದ್ದಳು. "ನೀವು ಮೊದಲು ಹಾಕಿಸ್ರಿ, ನಂಗೇನೂ ಅವಸರಿಲ್ಲ" ಎಂದು ಬಂದವರಿಗೆಲ್ಲ ಹೇಳಿ ಒಂದು ತಾಸು ಕಳೆಯುತ್ತಿದ್ದಳು.

ಗುರುಬಸವ್ವನ ತಮ್ಮ ಆ ಮನೆಯಲ್ಲಿ ಆರು ವರ್ಷ ಇದ್ದ. ಆಮೇಲೆ ಒಬ್ಬ ಕಂಡಕ್ಟರು, ಆಮೇಲೆ ಇಬ್ಬರು ಶಿಕ್ಷಕಿಯರು. ಒಬ್ಬರು ಕಟ್ಟೆಗೆ ಹಸಿರು ಬಣ್ಣ ಹಚ್ಚಿದರು, ಇನ್ನೊಬ್ಬರು ಅದರ ಮೇಲೆ ಹಳದಿ ಹಚ್ಚಿದರು. ಹಿತ್ತಿಲಿನ ಗಿಡದ ತುದಿ ಮಾಡಿನ ಮೇಲಿಂದ ಕಾಣಿಸುವಷ್ಟು ಬೆಳೆಯಿತು. ಆಕೆ ಎಲ್ಲ ನೋಡಿದಳು. ಬಿಸಿಲು ಆ ಹೊತ್ತಿಗೆ ಅಡುಗೆಮನೆಯಲ್ಲಿ ಎಲ್ಲಿಯ ತನಕ ಬಂದಿರುತ್ತದೆಂದು ಆಕೆಗೆ ಗೊತ್ತು, ನನಗೂ ಗೊತ್ತು. ಗೋಡೆಯ ಈಚೆ ಕುಳಿತು ಇಬ್ಬರೂ ಅದನ್ನೇ ನೆನೆಯುತ್ತಿದ್ದೆವು.

ದಾವಲಸಾಬ ಒಂದು ಸಲ ಕೇಳಿದ, "ನಿಮ್ಮ ಓಣ್ಯಾಗ ಗಿರಣಿ ಇಲ್ಲೇನ್ರಿ ಅಕ್ಕಾರ? ಇಷ್ಟು ದೂರ ಬರ್ತೀರಿ."

"ಇಲ್ಲಿ ಹಿಟ್ಟು ನುಣ್ಣಗ ಬರತೈತಿ" ಎಂದಳು.

ದಾವಲಸಾಬ ಹಿಗ್ಗಿದ. ಅಂದಿನಿಂದ ಆಕೆಯ ಜೋಳವನ್ನು ಇನ್ನೂ ಜೋಪಾನವಾಗಿ ಬೀಸಿದ.

ಹೀಗೆ ಮೂವತ್ತು ವರ್ಷ. ನಾಲ್ಕು ಮನೆಗಳ ಒಂದು ಚಾಳು ಕೊಂಡಳು, ಎರಡು ಅಂಗಡಿ ಕೊಂಡಳು. ಹನ್ನೊಂದಾಯಿತು. ಲೂನಾ ಹೋಗಿ ಸ್ಕೂಟರ್ ಬಂತು. ನನ್ನ ಎರಡು ಪಟ್ಟಿ ಸವೆದವೆಂದು ಮೌನೇಶ ಬದಲಿಸಿದ. ಆಕೆಯ ಮೈ ಭಾರವಾಯಿತು, ಮೊಣಕಾಲು ನೋಯತೊಡಗಿದವು. ಏಳುವಾಗ ನನ್ನ ಮೇಲೆ ಕೈಯೂರುತ್ತಿದ್ದಳು. ಪ್ರತಿ ದಸರೆಗೆ ಬನ್ನಿ ಕೊಡಲು ಗುರುಬಸವ್ವನ ಮನೆಗೆ ಹೋಗಿ ಬರುತ್ತಿದ್ದಳು. ಹೋಗುವಾಗ ಏನೋ ಕೇಳಲು ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದಳು. ಬಂದು ನನ್ನ ಮೇಲೆ ಸುಮ್ಮನೆ ಕೂರುತ್ತಿದ್ದಳು. ಮೌನೇಶ "ಆರಾಮ ಅದಾರಿಲ್ಲೋ ಅವ್ವಾರು?" ಎಂದರೆ, "ಅದಾರ" ಎನ್ನುತ್ತಿದ್ದಳು.

ಕೊನೆಗೆ ಒಂದು ಬೆಳಗ್ಗೆ ದಾವಲಸಾಬನೇ ಸುದ್ದಿ ಹೇಳಿದ. "ಎದುರಿನ ಮನಿ ಮಾರತಾರಂತ್ರಿ. ಗುರುಬಸವ್ವಾರು ಬಂದ ರೊಕ್ಕ ಮೂರೂ ಹೆಣ್ಣಮಕ್ಕಳಿಗೆ ಹಂಚತಾರಂತ."

ಗಿರಣಿಯ ಪಟ್ಟಾ ತಿರುಗುತ್ತಲೇ ಇತ್ತು. ಆಕೆಯ ಬೆರಳುಗಳು ನನ್ನ ಅಂಚನ್ನು ಗಟ್ಟಿಯಾಗಿ ಹಿಡಿದವು.

ಮರುದಿನವೇ ಹೋದೆವು. ಆ ಮನೆಯನ್ನು ನೋಡಬೇಕಾದ್ದು ಏನಿತ್ತು? ಆದರೂ ಆಕೆ ನೇಮ ಬಿಡಲಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಕಟ್ಟೆಯ ಎದುರು ಕೂತಳು, ಅಪರಿಚಿತ ಮನೆಯೊಂದನ್ನು ಅಳೆಯುವವಳ ಹಾಗೆ. ಸಂಜೆ ಗುರುಬಸವ್ವ ಬಂದು ಬೀಗ ತೆಗೆದರು. ಅವರಿಗೆ ಎಪ್ಪತ್ತು ದಾಟಿತ್ತು, ದನಿ ಇನ್ನೂ ಗಟ್ಟಿಯಿತ್ತು.

"ನೀ ಬರ್ತಿ ಅಂತ ಅನ್ಕೊಂಡಿದ್ದೆ. ಬೇಕೇನವಾ ನಿನಗ ಈ ಮನಿ?"

ನಾನು ಕಟ್ಟೆಗೆ ಒರಗಿ ನಿಂತಿದ್ದೆ. ಹೌದು ಎಂದರೆ ಸಾಕಿತ್ತು.

"ನೋಡೂಣ್ರಿ" ಎಂದಳು ಇಂದುಮತಿ. "ಹಿಂದಿನ ಗ್ವಾಡಿ ಹಸಿ ಹಿಡದೈತಿ. ಜಂತಿ ಎರಡು ಹುಳ ತಿಂದಾವ. ಓಣಿ ಸಣ್ಣದು, ಕಾರು ಒಳಗ ಬರಂಗಿಲ್ಲ. ಈಗ ನಡದಿರೂ ರೇಟಿಗೆ ಕಷ್ಟ ಐತ್ರೀ ಅವ್ವಾರ."

ಆಮೇಲೆ ಒಂದು ಬೆಲೆ ಹೇಳಿದಳು. ಕಡಿಮೆಯ ಬೆಲೆ, ಮಾತಿಗೆ ಶುರು ಮಾಡುವ ಬೆಲೆ. ಅದರ ಒಂದೂವರೆ ಪಟ್ಟು ಕೊಡಲು ಆಕೆ ತಯಾರಿದ್ದಳು. ಅದು ನನಗೆ ಗೊತ್ತು, ಏಕೆಂದರೆ ಹಿಂದಿನ ದಿನ ನನ್ನ ಮೇಲೆ ಕುಳಿತು ಯಾವ ಎರಡು ಮನೆ ಮಾರಬೇಕೆಂದು ತನ್ನಷ್ಟಕ್ಕೆ ಗುಣುಗುತ್ತಿದ್ದಳು.

ಗುರುಬಸವ್ವ ಆಕೆಯ ಮುಖ ನೋಡಿದರು. ಅಲ್ಲಿ ಏನೂ ಇರಲಿಲ್ಲ. "ಹೂಂ, ವಿಚಾರ ಮಾಡತೇನಿ" ಎಂದರು.

ಮೊದಲು ಫೋನ್ ಮಾಡಿದವರು ಸೋತರು ಎಂಬುದು ಆಕೆಯ ವ್ಯಾಪಾರದ ಇನ್ನೊಂದು ನೇಮ. ಕಾದಳು. ಹನ್ನೆರಡು ದಿನ ಕಾದಳು. ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮೇಲೆ ಕೂರುತ್ತಿದ್ದಳು. ನಾಲ್ಕೈದು ಸಲ ನಂಬರು ತೆಗೆದಳು, ಒತ್ತಲಿಲ್ಲ. ಹದಿಮೂರನೆಯ ದಿನ ಡಬ್ಬಿಯಲ್ಲಿ ಹಿಟ್ಟು ಇನ್ನೂ ಇದ್ದಾಗಲೇ ಜೋಳದ ಚೀಲ ಕಟ್ಟಿಕೊಂಡು ಹೊರಟಳು.

ಗಿರಣಿಯ ಎದುರು ಒಂದು ಟಂಟಂ ನಿಂತಿತ್ತು. ಗುರುಬಸವ್ವ ಆ ಮನೆಯಿಂದ ಹಳೆಯ ಹಂಡೆ, ಕೊಪ್ಪರಿಗೆ ತೆಗೆಸುತ್ತಿದ್ದರು. ಇಂದುಮತಿಯನ್ನು ನೋಡಿ ಕರೆದರು. ಆಕೆ ನನ್ನನ್ನು ಎತ್ತಿಕೊಂಡು ರಸ್ತೆ ದಾಟಿದಳು. ಅವರು ಕಟ್ಟೆಯ ಮೇಲೆ ಕೂತರು, ಆಕೆ ನನ್ನ ಮೇಲೆ.

"ಮನಿ ಕೊಟ್ಟೆ ನೋಡವಾ" ಎಂದರು ಗುರುಬಸವ್ವ. "ಹೊಸದಾಗಿ ಮದಿವ್ಯಾದವರು, ಗಂಡಾ ಹೆಂಡತಿ. ಆ ಹುಡುಗಿ ಹಿತ್ತಲಕ್ಕ ಹೋಗಿ ಬಂದು ನನ್ನ ಕೈ ಹಿಡಕೊಂಡ್ಲು. ಅಜ್ಜೀ, ನನಗ ಈ ಮನಿ ಬೇಕಽ ಬೇಕು, ನಮ್ಮ ಹತ್ರ ಇಷ್ಟ ಐತಿ ಅಂದ್ಲು. ನೀ ಹೇಳಿದ್ದಕ್ಕಿಂತ ಕಮ್ಮಿನ. ನನಗ ಇಲ್ಲ ಅನ್ನಾಕ ಆಗಲಿಲ್ಲ."

ಹಂಡೆಯನ್ನು ಗಾಡಿಗೆ ಏರಿಸುವುದನ್ನು ಇಂದುಮತಿ ನೋಡಿದಳು.

"ನನಗೂ ಬೇಕಾಗಿತ್ರೀ" ಎಂದಳು.

"ಏನಂದಿ?"

"ಮಾರಾಕ ಅಲ್ರೀ ಅವ್ವಾರ. ಇರಾಕ. ಈ ಮನಿ ಬಿಟ್ಟ ದಿನದಿಂದ ಬೇಕಾಗಿತ್ತು."

ಗುರುಬಸವ್ವ ಆಕೆಯನ್ನು ದಿಟ್ಟಿಸಿದರು. ಅವರ ಮುಖದಲ್ಲಿ ಮೊದಲು ನಂಬಿಕೆ ಇರಲಿಲ್ಲ, ಆಮೇಲೆ ಸಂಕಟ ಬಂತು. "ನಿನಗ ಹನ್ನೊಂದು ಮನಿ ಅದಾವ. ಇದು ಹನ್ನೆರಡನೇದು ಅಂತ ತಿಳದೆ. ಮೂವತ್ತು ವರ್ಷ ಬನ್ನಿ ಕೊಡಾಕ ಬಂದಿ, ಒಮ್ಮೆರ ಬಾಯಿ ಬಿಟ್ಟು ಅಂದಿದ್ದರ? ಮೊನ್ನೆ ಕೇಳಿದೆ, ಆವಾಗರ ಹೂಂ ಅಂದಿದ್ದರ? ನಿನಗಽ ಕೊಡತಿದ್ದೆ."

"ಹೌದ್ರೀ" ಎಂದಳು ಇಂದುಮತಿ.

ಅಂದು ಜೋಳ ಬೀಸಿಸಲಿಲ್ಲ. ಚೀಲವನ್ನು ಹಾಗೆಯೇ ಮನೆಗೆ ತಂದಳು. ಮೌನೇಶ ಜಗುಲಿಯಲ್ಲಿ ಉಳಿ ಮಸೆಯುತ್ತಿದ್ದ. ಆಕೆ ನನ್ನನ್ನು ಅವನ ಮುಂದೆ ಬಿಡಿಸಿ ಕೂತಳು.

"ಕುಂಬಾರ ಓಣಿ ಮನಿ ಹೋತು."

"ಹೋಗಲಿ ಬಿಡು, ಹಿಂದಿನ ಗ್ವಾಡಿ ಹಸಿ ಇತ್ತು" ಎಂದ. ತಲೆ ಎತ್ತಿ ನೋಡಿದಾಗ ಆಕೆ ಅಳುತ್ತಿದ್ದಳು. ಅವನು ಉಳಿಯನ್ನು ಕೆಳಗಿಟ್ಟ. ಆಕೆ ಅತ್ತದ್ದನ್ನು ನಾವಿಬ್ಬರೂ ಅಷ್ಟಾಗಿ ನೋಡಿರಲಿಲ್ಲ. "ಇಂದೂ, ಅದನ್ನ ನೀ ಇರಾಕಂತ ಕೇಳಿದ್ದೇನು?"

ಆಕೆ ಹೌದೆಂದು ತಲೆಯಾಡಿಸಿದಳು.

ಮೌನೇಶ ಮಸೆಯುವ ಕಲ್ಲಿನ ಮೇಲಿನ ನೀರನ್ನು ಅಂಗೈಯಿಂದ ಒರೆಸಿದ. "ಅಡಗಿಮನಿ ಕಿಡಕಿ ಬಾಜೂಕ ಒಂದು ಗೂಡು ಮಾಡಬೇಕಂತ ಅಳತಿ ತಗೊಂಡಿದ್ದೆ, ನೆನಪೈತೇನು? ಮಾಡೂದ್ರಾಗ ಮನಿ ಬಿಟ್ವಿ. ಮೂರು ಫೂಟು ಎರಡಿಂಚು, ಅಗಲ ಹನ್ನೊಂದಿಂಚು. ಈಗೂ ಬಾಯಿಪಾಠ ಐತಿ. ನಿನಗ ವ್ಯಾಪಾರ ಮುಖ್ಯ, ಹಳೇ ಮನಿ ಆಸೆ ಯಾಕ ಹೇಳೂದು ಅಂತ ಸುಮ್ಮನಿದ್ದೆ."

ಒಂದೇ ಮನೆಯ ಆಸೆಯನ್ನು ಇಬ್ಬರೂ ಒಂದೇ ಜಗುಲಿಯಲ್ಲಿ ಇಷ್ಟು ವರ್ಷ ಬೇರೆ ಬೇರೆ ಬಚ್ಚಿಟ್ಟಿದ್ದರು. ಅಂದು ಇಬ್ಬರೂ ಊಟ ಮಾಡುವ ತನಕ ಆ ಮನೆಯ ಮಾತನ್ನೇ ಆಡಿದರು. ಕಿಟಕಿ, ಕಲ್ಲು, ಹೊಸಿಲು, ಮಾಡಿನ ಮೇಲೆ ಬರುತ್ತಿದ್ದ ಬೆಕ್ಕು. ನಾನು ಕೇಳುತ್ತ ಇದ್ದೆ. ಅಷ್ಟು ಹತ್ತಿರ ಕೂತು ಅವರು ಹಿಂದೆ ಯಾವಾಗ ಮಾತಾಡಿದ್ದರೋ ನನಗೆ ಮರೆತೇಹೋಗಿತ್ತು.

ಇದಾದ ಮೇಲೆ ಇಂದುಮತಿ ಹೊಸ ಮನೆ ಕೊಳ್ಳಲಿಲ್ಲ. ಇದ್ದವುಗಳನ್ನು ನೋಡಿಕೊಂಡಿದ್ದಳು. ಮೂರು ವರ್ಷದ ನಂತರ ಒಂದು ದಿನ ಚಾಳಿನ ಕೊನೆಯ ಮನೆಯ ಬಾಡಿಗೆದಾರಳು ಮಾತಾಡಬೇಕು, ಬರ್ರಿ ಎಂದು ಕರೆದಳು. ಹೆಸರು ಸುವರ್ಣಾ ಮಾದರ. ಆಸ್ಪತ್ರೆಯಲ್ಲಿ ನರ್ಸು. ಒಂಬತ್ತು ವರ್ಷದ ಹಿಂದೆ ತಾಯಿಯ ಜೊತೆ ನಾಲ್ಕು ಓಣಿ ತಿರುಗಿ, ಅಡ್ಡಹೆಸರು ಕೇಳಿದ ಕೂಡಲೇ ಮನೆ ಖಾಲಿ ಇಲ್ಲ ಎನ್ನಿಸಿಕೊಂಡು, ಕೊನೆಗೆ ಇಂದುಮತಿಯ ಹತ್ತಿರ ಬಂದಿದ್ದಳು. ಇಂದುಮತಿ ಅಡ್ಡಹೆಸರು ಏನೆಂದು ಕೇಳಿರಲಿಲ್ಲ, ನೀರು ಎಷ್ಟು ಗಂಟೆಗೆ ಬರುತ್ತದೆಂದು ಹೇಳಿ ಕೀಲಿ ಕೊಟ್ಟಿದ್ದಳು.

ಇಂದುಮತಿಗೆ ಮೊಣಕಾಲು ನೋವು. ಸುವರ್ಣಾ ಆಕೆಯನ್ನು ಮಂಚದ ಮೇಲೆ ಕೂರಿಸಿ, ಸ್ಕೂಟರಿನಿಂದ ಇಳಿಸಿ ತಂದಿದ್ದ ನನ್ನ ಮೇಲೆ ತಾನು ಕೂತಳು.

"ಅಕ್ಕಾರ, ಈ ಮನಿ ಮಾರೂ ವಿಚ್ಯಾರ ಐತೇನ್ರಿ? ಹಂಗಽ ಕೇಳಿದೆ. ನನಗೇನು ಇದಽ ಆಗಬೇಕಂತಿಲ್ಲ. ಬಚ್ಚಲಾ ಸಣ್ಣದೈತಿ, ಮ್ಯಾಲಿನ ಸ್ಲ್ಯಾಬು ಒಂದು ಕಡೆ ಬಿರುಕು ಬಿಟ್ಟೈತಿ. ಬ್ಯಾರೆ ಕಡೆನೂ ಎರಡು ನೋಡೇನಿ."

ಆಡುವ ಮಾತಿಗೂ ಆಕೆಯ ಮೈಗೂ ಹೊಂದಿಕೆಯೇ ಇರಲಿಲ್ಲ. ಬೆನ್ನು ಒರಗದೆ ತುದಿಯಲ್ಲಿ ಕೂತು, ನನ್ನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು. ನನಗೆ ಗೊತ್ತಾಯಿತು. ಹೇಗೆ ತಿಳಿಸಲಿ ಎಂದು ಒದ್ದಾಡಿದೆ; ಮರಕ್ಕೆ ಬಾಯಿಲ್ಲ.

ತಿಳಿಸುವ ಅಗತ್ಯ ಬೀಳಲಿಲ್ಲ. ಇಂದುಮತಿ ಆಕೆಯನ್ನು ಸ್ವಲ್ಪ ಹೊತ್ತು ನೋಡಿ, "ಸುವರ್ಣಾ, ಬಿರುಕಿನ ಮಾತು ಬಿಡು" ಎಂದಳು. "ನಿನಗ ಈ ಮನಿ ಬೇಕೋ ಬ್ಯಾಡೋ?"

ಸುವರ್ಣಾ ಒಳಗೆ ಮಲಗಿದ್ದ ತಾಯಿಯ ಕಡೆ ಒಮ್ಮೆ ನೋಡಿದಳು. "ಬೇಕ್ರೀ ಅಕ್ಕಾರ. ನಮ್ಮವ್ವ ಇಲ್ಲೇ ಅಂಜಿಕಿಲ್ಲದ ಮಲಗತಾಳ. ಬಾಳ ಬೇಕಾಗೇತಿ."

"ಬ್ಯಾಂಕಿನವರು ಎಷ್ಟು ಸಾಲ ಕೊಡತೇವಂದಾರ?"

ಸುವರ್ಣಾ ಹೇಳಿದಳು.

"ಅಷ್ಟಕ್ಕ ಕೊಟ್ಟೆ. ಚಕಬಂದಿ ನಾ ಬರಸ್ತೇನಿ. ಹಳೇ ಉತಾರದಾಗ ಉತ್ತರದ ದಿಕ್ಕು ತಪ್ಪೈತಿ."

ಸುವರ್ಣಾ ಎದ್ದು ನಿಂತಳು, ಏನು ಮಾಡಬೇಕೋ ತಿಳಿಯದೆ ಚಹಾ ಇಡಲು ಒಳಗೆ ಹೋದಳು. ಒಳಗೆ ಆಕೆ ತಾಯಿಗೆ ಏನೋ ಹೇಳುವುದು, ತಾಯಿ ಎರಡೆರಡು ಸಲ ಕೇಳುವುದು ಕೇಳಿಸಿತು. ಇಂದುಮತಿ ಒಬ್ಬಳೇ ಕೂತಿದ್ದಳು. ಆಕೆಯ ಮುಖದಲ್ಲಿ ಆಗ ಏನಿತ್ತೋ ಅದನ್ನು ಯಾರು ಬೇಕಾದರೂ ಓದಬಹುದಿತ್ತು.

ಹೊರಡುವಾಗ ಸುವರ್ಣಾ ನನ್ನನ್ನು ಎತ್ತಿಕೊಂಡು ಹಿಂದೆಯೇ ಬಂದಳು. "ಅಕ್ಕಾರ, ಖುರ್ಚಿ ಮರತ್ರಿ."

"ಮರತಿಲ್ಲ. ಇನ್ನ ನಾ ಎಲ್ಲೂ ಕುಂತು ಮನಿ ನೋಡೂದಿಲ್ಲ. ಇಲ್ಲೇ ಇರಲಿ."

ಸ್ಕೂಟರಿನ ಸದ್ದು ಓಣಿಯ ತುದಿಗೆ ಹೋಗಿ ತಿರುಗಿತು. ಮೂವತ್ತಮೂರು ವರ್ಷ ಆ ಗಾಡಿ ಈ ಗಾಡಿಯ ಹಿಂದೆ ಆಕೆಯ ಜೊತೆ ತಿರುಗಿದವನು, ಅಂದು ಮೊದಲ ಸಲ ಆಕೆ ಹೋಗುವುದನ್ನು ನಿಂತ ಜಾಗದಿಂದ ನೋಡಿದೆ.

ಈಗ ಸುವರ್ಣಾಳ ಮನೆಯ ಮೂಲೆಯಲ್ಲಿದ್ದೇನೆ. ನನ್ನ ಬಲಗಡೆಯ ಹಿಂಗಾಲು ಸೀಳಿದೆ. ಕೂರಲು ಆಗುವುದಿಲ್ಲವೆಂದು ಮಡಚಿಟ್ಟ ಬಟ್ಟೆಗಳನ್ನು ನನ್ನ ಮೇಲೆ ಪೇರಿಸುತ್ತಾರೆ. ಬಟ್ಟೆಗೆ ಭಾರವೇ ಇಲ್ಲ. ಇಲ್ಲಿಯವರು ಒಳ್ಳೆಯವರು. ಸುವರ್ಣಾಳ ತಾಯಿ ವಾರಕ್ಕೊಮ್ಮೆ ಒದ್ದೆ ಅರಿವೆಯಿಂದ ನನ್ನನ್ನು ಒರೆಸುತ್ತಾಳೆ; ಮಗಳು ಡ್ಯೂಟಿಗೆ ಹೋದ ಮೇಲೆ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾಳೆ.

ಹೋದ ತಿಂಗಳು ಇಂದುಮತಿ ಬಂದಿದ್ದಳು. ಕೈಯಲ್ಲಿ ಕೋಲು ಇತ್ತು, ಮೌನೇಶ ತೋಳು ಹಿಡಿದಿದ್ದ. ಸುವರ್ಣಾ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದಳು, ಇಂದುಮತಿ ಅದರ ಮೇಲೆ ಕೂತಳು. ಮೌನೇಶ ನನ್ನ ಹತ್ತಿರ ಬಂದು ಸೀಳಿದ ಕಾಲಿನ ಮೇಲೆ ಬೆರಳಾಡಿಸಿ, "ಒಂದು ಪಟ್ಟಿ ಹೊಡದರ ನಿಲ್ಲತೈತಿ, ಆದರ ಈಗ ನನ್ನ ಕೈ ನಡುಗತಾವ" ಎಂದ. ಚಹಾ ಕುಡಿದರು, ಮಗಳ ಮಗುವಿನ ಫೋಟೋ ತೋರಿಸಿದರು, ಎದ್ದರು.

ಬಟ್ಟೆಗಳನ್ನು ಕೆಳಗಿಟ್ಟು ಒಮ್ಮೆ ನನ್ನ ಮೇಲೆ ಕೂರು, ಒಂದು ನಿಮಿಷ ಸಾಕು, ಕಾಲು ಮುರಿದರೂ ಮುರಿಯಲಿ ಎಂದು ಆಕೆಗೆ ಹೇಳಬೇಕೆನಿಸಿತು. ಮನುಷ್ಯರ ಜೊತೆ ಇಷ್ಟು ವರ್ಷ ಇದ್ದು ನಾನು ಕಂಡದ್ದು ಇಷ್ಟೇ: ಹೇಳಲು ಬಾಯಿ ಇರುವುದು ಎಷ್ಟು ದೊಡ್ಡ ಆಸ್ತಿ ಎಂದು ಬಾಯಿ ಇರುವವರಿಗೆ ತಡವಾಗಿ ಗೊತ್ತಾಗುತ್ತದೆ. ಆಕೆ ಬಾಗಿಲ ತನಕ ಹೋಗಿ, ಚಪ್ಪಲಿ ಹಾಕಿಕೊಳ್ಳಲು ಗೋಡೆಗೆ ಕೈಯೂರಿ ನಿಂತಳು. ಮೌನೇಶ ಬಗ್ಗಿ ಚಪ್ಪಲಿಯನ್ನು ಆಕೆಯ ಪಾದಕ್ಕೆ ಸರಿಸಿದ. ಇಬ್ಬರೂ ನಿಧಾನವಾಗಿ ಓಣಿಯಲ್ಲಿ ನಡೆದು ಹೋದರು. ಬಾಗಿಲು ತೆರೆದಿದ್ದಷ್ಟು ಹೊತ್ತು ನಾನು ನೋಡಿದೆ.